ಅರೆಬೆಂದ ಅನ್ನವನ್ನು ಪಂಕ್ತಿಗೆ ಬಡಿಸಬಹುದೇ?

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ಹಿರಿಯರ ಮಾತು. ಅಡಿಗೆಮನೆಯ ಮಟ್ಟಿಗೆ ಇದು ನಿಜ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಒಂದು ಅಗುಳಿನ ಗತಿಯೇ ಮಿಕ್ಕ ಅಗುಳುಗಳ ಗತಿ. ಆದರೆ ಅಕ್ಕಿ ಒಂದೇ ಆಗಿದ್ದು, ಪಾತ್ರೆ ಕೋಟಿ, ಉರಿ ಕೋಟಿ ಬಗೆ ಎಂದಾದರೆ? ಆಗ ಒಂದು ಮನೆಯ ಅಗುಳನ್ನು ನೋಡಿ ಇನ್ನೊಂದು ಮನೆಯ ಎಲೆಗೆ ಬಡಿಸಲಾಗದು. ಈ ಕಾಲದ ಒಂದು ವಸ್ತು ಹೀಗೆಯೇ ಇದೆ. ಅದರಿಂದ ನಮಗಾದ ಒಂದು ಅನುಭವವನ್ನೂ, ಆ ಅನುಭವದಿಂದ ಹುಟ್ಟಿದ ಒಂದು ಪ್ರಶ್ನೆಯನ್ನೂ ಓದುಗ ಬಂಧುಗಳ ಮುಂದಿಡಬೇಕೆಂದಿದ್ದೇವೆ.

ವಸ್ತು ಬೇರೇನೂ ಅಲ್ಲ, ಕಂಪ್ಯೂಟರಿನಲ್ಲಿರುವ ಬ್ರೌಸರು. ಊರಿಗೆ ಹೋಗುವ ರೈಲಿನ ಟಿಕೇಟು, ಬ್ಯಾಂಕಿನ ಲೆಕ್ಕ, ಆದಾಯ ತೆರಿಗೆಯ ಪತ್ರ, ಊರಿನಲ್ಲಿ ಉಳಿದಿರುವ ಅರ್ಧ ಎಕರೆಯ ಪಹಣಿ ಎಲ್ಲವನ್ನೂ ಇಂದು ನಾವು ಈ ಒಂದೇ ಕಿಟಕಿಯಿಂದ ನೋಡುತ್ತೇವೆ. ಕಿಟಕಿಯನ್ನು ಮಾಡುವವರು ಅದನ್ನು ಒಂದೇ ಏಟಿಗೆ ಜನರ ಕೈಗೆ ಕೊಡುವುದಿಲ್ಲ. ಗೂಗಲ್‌ನವರ ಕ್ರೋಮ್‌ಗೆ ನಾಲ್ಕು ಮೆಟ್ಟಿಲುಗಳಿವೆ: ಕ್ಯಾನರಿ, ಡೆವ್, ಬೀಟಾ, ಸ್ಟೇಬಲ್. ಮೊಜಿಲ್ಲಾದವರ ಫೈರ್‌ಫಾಕ್ಸ್‌ನಲ್ಲಿ ನೈಟ್ಲಿ, ಬೀಟಾ, ಆಮೇಲೆ ಸಾರ್ವಜನಿಕ ಆವೃತ್ತಿ. ರಾತ್ರಿ ಕಟ್ಟಿದ್ದನ್ನು ಬೆಳಿಗ್ಗೆ ಹೊರಗಿಡುವುದರಿಂದ ನೈಟ್ಲಿ ಎಂಬ ಹೆಸರು. ಇವು ಗುಟ್ಟಿನ ವಸ್ತುಗಳಲ್ಲ. ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಇದು ಅಸ್ಥಿರ, ಕೈಕೊಡಬಹುದು, ಪರೀಕ್ಷೆಗಾಗಿ ಇದೆ ಎಂಬ ಎಚ್ಚರಿಕೆಯನ್ನು ತಯಾರಕರೇ ಕೊಟ್ಟಿರುತ್ತಾರೆ. ಆ ಎಚ್ಚರಿಕೆಯನ್ನು ಓದುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮೇಲಧಿಕಾರಿಯ ಒಪ್ಪಿಗೆಗಾಗಿ ನಾವು ದಿನಾಲೂ ಕರಡು ಪತ್ರಗಳನ್ನು ಬರೆದು ಫೈಲಿನಲ್ಲಿ ಇಡುತ್ತೇವೆ. ಕರಡು ಎಷ್ಟೇ ಚೆನ್ನಾಗಿರಲಿ, ಸಹಿಯಾಗಿ ರವಾನೆಯ ನಂಬರು ಬೀಳುವ ತನಕ ಅದು ಪತ್ರವಲ್ಲ. ಕರಡನ್ನೇ ನಂಬಿ ಯಾರಾದರೂ ಹಣ ಪಾವತಿ ಮಾಡಿದರೆ ಮರುದಿನವೇ ವಿವರಣೆ ಕೇಳಿ ಮೆಮೋ ಬರುತ್ತದೆ. ಇದು ಗೊತ್ತಿದ್ದ ನಾವೇ, ಮನೆಗೆ ಬಂದ ಮೇಲೆ ಕರಡು ಬ್ರೌಸರಿನಲ್ಲಿ ಸಂಸಾರ ನಡೆಸುತ್ತಿದ್ದೆವು.

ಏಕೆ? ನಿಜ ಹೇಳುವುದಾದರೆ, ಜಂಬ. ಧಾರವಾಡದಲ್ಲಿ ಬಿಎಸ್ಸಿ ಓದಿ ಗುಮಾಸ್ತಿಕೆಗೆ ಸೇರಿ ಇಪ್ಪತ್ತು ವರ್ಷ ಮುಂಬಯಿಯ ಲೋಕಲ್ ಗಾಡಿಯಲ್ಲಿ ಜೋತಾಡಿದವನಿಗೆ, ನಾಳೆ ಎಲ್ಲರಿಗೂ ಬರುವುದು ಇಂದೇ ನಮ್ಮ ಮೇಜಿನ ಮೇಲಿದೆ ಎನ್ನುವುದು ಸಣ್ಣ ಸುಖವಲ್ಲ. ಸೆಕ್ಷನ್ನಿನ ಹುಡುಗರು ಹೊಸ ಸೌಕರ್ಯದ ಮಾತೆತ್ತಿದರೆ "ಅದು ನಮ್ಮಲ್ಲಿ ಎರಡು ತಿಂಗಳ ಹಿಂದೆಯೇ ಬಂತು" ಎನ್ನಬಹುದು. ಒಂದೆರಡು ಕಡೆ ಪುಟ ಸಿಕ್ಕಿಹಾಕಿಕೊಂಡದ್ದೂ ಉಂಟು. ಮುಚ್ಚಿ ತೆರೆದರೆ ಸರಿಹೋಗುತ್ತಿತ್ತು. ಯಾರಿಗೂ ಬರೆದು ತಿಳಿಸುವ ಗೋಜಿಗೆ ನಾವು ಹೋಗಲಿಲ್ಲ.

ನಮ್ಮ ಕನ್ನಡ ಬಳಗದಲ್ಲಿ ಕುಂದಾಪುರದ ಕಡೆಯವರೊಬ್ಬರಿದ್ದಾರೆ. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವವರು. ಕೆಲವು ವರ್ಷಗಳ ಹಿಂದೆ ಅವರ ಮಗಳಿಗೆ ಕಾಲೇಜು ಪ್ರವೇಶದ ಅರ್ಜಿ ತುಂಬಬೇಕಾಗಿತ್ತು. "ನೀವು ಬಿಎಸ್ಸಿ ಮಾಡಿದವರು ಮಾರಾಯ್ರೇ, ನಮಗೆ ಆ ಕಂಪ್ಯೂಟರ್ ತಲೆಬುಡ ಗೊತ್ತಿಲ್ಲ" ಎಂದು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಮಾಡಿ ತುಂಬಬೇಕು. ಕೊನೆಯ ದಿನದ ತನಕ ಪಟ್ಟಿಯನ್ನು ಹಿಂದುಮುಂದು ಮಾಡಬಹುದು. ಹುಡುಗಿ ದೂರದ ಊರಿನ ಹೆಸರುವಾಸಿ ಕಾಲೇಜೊಂದನ್ನು ಮೊದಲಿಗೆ ಇಟ್ಟಿದ್ದಳು. ಆ ಪಟ್ಟಿ ದಾಖಲಾಯಿತು. ಎರಡು ದಿನ ಕಳೆದು, ಹಾಸ್ಟೆಲಿನ ಖರ್ಚನ್ನು ಲೆಕ್ಕ ಹಾಕಿದ ತಂದೆ ಮಗಳು ಕೂಡಿ, ಮನೆಯಿಂದ ಹೋಗಿಬರಬಹುದಾದ ಇಲ್ಲಿನ ಕಾಲೇಜನ್ನೇ ಮೊದಲಿಗೆ ಇಡೋಣ ಎಂದು ತೀರ್ಮಾನಿಸಿದರು. ಅದು ಕೊನೆಯ ದಿನದ ರಾತ್ರಿ.

ನಾವು ಪಟ್ಟಿಯನ್ನು ಬದಲಿಸಿದೆವು. ಪರದೆಯ ಮೇಲೆ ಹೊಸ ಕ್ರಮವೇ ಕಾಣುತ್ತಿತ್ತು. ಆದರೆ ದಾಖಲಿಸಲು ಒತ್ತಿದಾಗ, ಖಚಿತವೇ ಎಂದು ಕೇಳುವ ಪುಟ್ಟ ಕಿಟಕಿಯೊಂದು ತೆರೆಯಬೇಕು, ಅದು ತೆರೆಯಲಿಲ್ಲ. ಒತ್ತಿದೆವು, ಕಾದೆವು, ಮತ್ತೆ ಒತ್ತಿದೆವು. ಹನ್ನೊಂದೂವರೆ ಆಯಿತು. "ಕೊನೆಯ ದಿನ ಎಲ್ಲರೂ ನುಗ್ಗಿರುತ್ತಾರೆ, ಅವರ ಸರ್ವರು ಬಿದ್ದಿರಬೇಕು" ಎಂದೆವು. ಹುಡುಗಿ "ಅಂಕಲ್, ಬೇರೆ ಯಾವುದರಲ್ಲಾದರೂ ನೋಡೋಣವಾ?" ಎಂದು ಕೇಳಿದಳು. "ಎಲ್ಲಿ ನೋಡಿದರೂ ಅಷ್ಟೇ ಮಗು, ತೊಂದರೆ ಆ ಕಡೆಯದು" ಎಂದೆವು. ಹನ್ನೆರಡು ಹೊಡೆಯಿತು, ಬಾಗಿಲು ಮುಚ್ಚಿತು. ಹಳೆಯ ಪಟ್ಟಿಯೇ ಉಳಿಯಿತು. ದೂರದ ಕಾಲೇಜಿನಲ್ಲಿ ಸೀಟು ಬಂತು. ಆಮೇಲೆ ಹೊರಬಿದ್ದ ಪಟ್ಟಿಯಲ್ಲಿ ನೋಡಿದರೆ, ಅವಳಿಗಿಂತ ಕಡಿಮೆ ಅಂಕದವರಿಗೆ ಇಲ್ಲಿನ ಕಾಲೇಜಿನಲ್ಲಿ ಜಾಗ ಸಿಕ್ಕಿತ್ತು.

ಮರುದಿನ ಕಚೇರಿಯಲ್ಲಿ, ಎಲ್ಲರೂ ಬಳಸುವ ಸಾಧಾರಣ ಬ್ರೌಸರಿನಲ್ಲಿ ಅದೇ ಪುಟವನ್ನು ತೆರೆದೆವು. ಅರ್ಜಿಯ ಪ್ರತಿ ಮುದ್ರಿಸುವ ಗುಂಡಿಗೂ ಅಂಥದೇ ಪುಟ್ಟ ಕಿಟಕಿ ಇತ್ತು. ಒತ್ತಿದ ಕೂಡಲೇ ತೆರೆಯಿತು. ಸಂಜೆ ಮನೆಯಲ್ಲಿ ಒತ್ತಿದೆವು, ತೆರೆಯಲಿಲ್ಲ. ನಾಲ್ಕು ದಿನ ಕಳೆದು ನಮ್ಮ ಕರಡು ಬ್ರೌಸರು ತಾನಾಗಿ ಹೊಸದಾಯಿತು. ಆಗ ಮನೆಯಲ್ಲೂ ತೆರೆಯಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಕಿಟಕಿ ತೆರೆಯದಿದ್ದದ್ದಲ್ಲ. ಕಂಪ್ಯೂಟರಿನ ಜೊತೆಗೇ ಬಂದ ಇನ್ನೊಂದು ಬ್ರೌಸರು ಆ ರಾತ್ರಿಯೂ ಪರದೆಯ ಮೂಲೆಯಲ್ಲಿ ಕೂತಿತ್ತು. ಅದನ್ನು ಮುಟ್ಟಿ ನೋಡೋಣ ಎಂದು ಹದಿನೇಳು ವರ್ಷದ ಹುಡುಗಿಗೆ ಹೊಳೆಯಿತು, ನಮಗೆ ಹೊಳೆಯಲಿಲ್ಲ. ಏಕೆಂದರೆ ದೋಷ ನಮ್ಮ ಕಡೆ ಇರಬಹುದೆಂಬ ಶಂಕೆಯೇ ನಮಗೆ ಬರಲಿಲ್ಲ. ಅರೆಬೆಂದ ವಸ್ತುವಿನ ದೊಡ್ಡ ಅಪಾಯ ಇದೇ ಎಂದು ಈಗ ಅನಿಸುತ್ತದೆ. ಅದು ಕೆಟ್ಟಾಗ "ನಾನು ಕೆಟ್ಟಿದ್ದೇನೆ" ಎಂದು ಹೇಳುವುದಿಲ್ಲ. ಎದುರಿನವರು ಕೆಟ್ಟ ಹಾಗೆ ಕಾಣುತ್ತದೆ.

ಬೇರೆ ಅಪಾಯಗಳೂ ಇವೆ. ಬಲ್ಲವರಿಗೆ ಹೊಸತಲ್ಲ, ಆದರೂ ಹೇಳಿಬಿಡುತ್ತೇವೆ. ಬ್ರೌಸರು ನಮ್ಮ ಗುಪ್ತಪದ, ಗುರುತು ಹಾಕಿದ ಪುಟ, ಓಡಾಟದ ದಾಖಲೆ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಹೊಸ ಆವೃತ್ತಿ ಆ ಕಡತದ ಕಟ್ಟನ್ನೇ ಬದಲಿಸಿಬಿಡಬಹುದು. ಆಮೇಲೆ ಹಳೆಯದಕ್ಕೆ ಮರಳಿದರೆ ಅದಕ್ಕೆ ಓದಲು ಬರುವುದಿಲ್ಲ. ಈ ಗೋಳಿಗಾಗಿಯೇ 2019ರಲ್ಲಿ ಫೈರ್‌ಫಾಕ್ಸ್‌ನವರು 67ನೆಯ ಆವೃತ್ತಿಯಿಂದ ಬೇರೆ ಬೇರೆ ಸ್ಥಾಪನೆಗೆ ಬೇರೆ ಬೇರೆ ಕಡತ ಎಂದು ಮಾಡಿದರು. ಮನೆಯ ಕಂಪ್ಯೂಟರು, ಕಿಸೆಯ ಫೋನು ಎರಡನ್ನೂ ಜೋಡಿಸಿಕೊಂಡವರಿಗೆ ಒಂದು ಕಡೆಯ ಗೊಂದಲ ಇನ್ನೊಂದು ಕಡೆಗೂ ಹರಿಯಬಹುದು. ಪರೀಕ್ಷೆಯ ಆವೃತ್ತಿ ತಾನು ಹೇಗೆ ನಡೆಯುತ್ತಿದ್ದೇನೆಂಬ ವರದಿಯನ್ನು ತಯಾರಕರಿಗೆ ಹೆಚ್ಚಾಗಿ ಕಳಿಸುತ್ತದೆ. ಪರೀಕ್ಷೆಯ ಉದ್ದೇಶವೇ ಅದಾದ್ದರಿಂದ ತಪ್ಪಲ್ಲ, ಆದರೆ ತಿಳಿದಿರಬೇಕು. ಹೊಸದಾಗಿ ಸೇರಿದ ಭಾಗಗಳಲ್ಲಿ ಯಾರೂ ಇನ್ನೂ ಕಾಣದ ಬಿರುಕುಗಳಿರಬಹುದು. ಅಂಥ ಕಿಟಕಿಯಿಂದ ಬ್ಯಾಂಕಿನ ಒಳಗೆ ಕೈಹಾಕುವುದು ಜಾಣತನವಲ್ಲ.

ಇಷ್ಟೆಲ್ಲ ಲಾಭನಷ್ಟದ ಲೆಕ್ಕವಾಯಿತು. ನಮ್ಮ ಪ್ರಶ್ನೆ ಲೆಕ್ಕದ್ದಲ್ಲ, ಧರ್ಮದ್ದು. ಪರೀಕ್ಷೆ ಯಾರ ಮೈಮೇಲೆ ನಡೆಯಬೇಕು?

ಕ್ರೋಮ್‌ನ ಮೊದಲ ಮೆಟ್ಟಿಲಿಗೆ ಕ್ಯಾನರಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಸೂಚಿಸಿದ ಉಪಾಯವದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ವಿಷ ಮನುಷ್ಯನಿಗಿಂತ ಮೊದಲೇ ಹಕ್ಕಿಗೆ ತಟ್ಟುತ್ತದೆ. ಹಕ್ಕಿ ತೂಕಡಿಸಿ ಬಿದ್ದರೆ ಗಣಿಗಾರರು ಹೊರಗೆ ಓಡಬೇಕು. 1986ರ ತನಕವೂ ಅಲ್ಲಿ ಈ ಹಕ್ಕಿಗಳು ನೌಕರಿಯಲ್ಲಿದ್ದವು. ಹೆಸರಿಟ್ಟವರು ಮುಚ್ಚುಮರೆ ಮಾಡಿಲ್ಲ; ಈ ಮೆಟ್ಟಿಲಿನಲ್ಲಿ ಕೂತವನು ಹಕ್ಕಿ ಎಂದೇ ಹೇಳಿದ್ದಾರೆ. ನಾವಾಗಿ ಹಕ್ಕಿಯಾಗಲು ಹೊರಟರೆ ಅದು ನಮ್ಮಿಷ್ಟ. ಆದರೆ ಆ ರಾತ್ರಿ ಪಂಜರದಲ್ಲಿ ಇದ್ದದ್ದು ನಾವಲ್ಲ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹುಡುಗಿ. ಅವಳಿಗೆ ಅದು ಪಂಜರವೆಂದೇ ಗೊತ್ತಿರಲಿಲ್ಲ.

1796ರಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬಿಗೆ ಮದ್ದು ಹುಡುಕುತ್ತ ಮೊದಲು ಚುಚ್ಚಿದ್ದು ತನ್ನ ತೋಟದ ಆಳಿನ ಎಂಟು ವರ್ಷದ ಮಗನಿಗೆ. ಹುಡುಗ ಬದುಕಿದ, ಜಗತ್ತಿಗೆ ಉಪಕಾರವಾಯಿತು. ಆದರೂ ಆ ಹುಡುಗನ ಒಪ್ಪಿಗೆಯ ಮಾತು ಬಂದಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ. ಅದಕ್ಕೆ ನೂರು ವರ್ಷಗಳ ಬಳಿಕ ನಮ್ಮ ಮುಂಬಯಿಗೆ ಪ್ಲೇಗು ಬಂತು. ಪರೇಲಿನ ಸಂಸ್ಥೆಗೆ ಇಂದು ಯಾರ ಹೆಸರಿದೆಯೋ ಆ ಹಾಫ್ಕಿನ್ ಇಲ್ಲಿಗೆ ಬಂದು ಲಸಿಕೆಯೊಂದನ್ನು ಮಾಡಿದರು. 1897ರ ಜನವರಿ 10ರಂದು ಅವರು ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೆ. ಜ್ವರ ಬಂತು, ನೋವಾಯಿತು, ತಡೆದುಕೊಂಡರು. ಅನಂತರವೇ ಬೈಕುಲಾ ಜೈಲಿನಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಟ್ಟರು. ಕೈದಿಯ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವತಂತ್ರ ಒಪ್ಪಿಗೆ ಎಂದು ಇಂದಿನವರು ಕೇಳಿದರೆ ಅದೂ ನ್ಯಾಯವೇ. ಆದರೂ ಮೊದಲ ಸೂಜಿ ಯಾರ ತೋಳಿಗೆ ಎಂಬುದರಲ್ಲಿ ಒಂದು ನೀತಿಯಿದೆ. ಬ್ರೌಸರಿಗೂ ಪ್ಲೇಗಿಗೂ ಎಲ್ಲಿಯ ಹೋಲಿಕೆ ಎಂದು ಓದುಗರು ನಗಬಹುದು. ಅಳತೆ ಬೇರೆ, ನಿಜ. ಒಂದು ಮನೆಯವರು ಊರಲ್ಲಿ ಸೋರುವ ಮಾಡನ್ನು ರಿಪೇರಿ ಮಾಡಿಸಲು ಕೂಡಿಟ್ಟ ಹಣ ಹಾಸ್ಟೆಲಿಗೆ ಹೋಗುವುದನ್ನು ಕಂಡ ಮೇಲೆ, ಪ್ರಶ್ನೆ ಒಂದೇ ಎಂದು ನಮಗೆ ತೋರುತ್ತದೆ.

ಹಾಗಾದರೆ ಅರೆಬೆಂದದ್ದನ್ನು ಯಾರೂ ಮುಟ್ಟಲೇಬಾರದೇ? ಇಲ್ಲಿ ನಾವು ಅವಸರದಲ್ಲಿ ಹೌದೆನ್ನಲಾರೆವು. ಎಲ್ಲರೂ "ಬೇರೆಯವರು ನೋಡಲಿ, ಬೆಂದ ಮೇಲೆ ನಾವು ಕೂರೋಣ" ಎಂದರೆ ಅನ್ನ ಬೇಯುವುದಾದರೂ ಹೇಗೆ? ಮೊದಲೇ ಹೇಳಿದಂತೆ ಇಲ್ಲಿ ಪಾತ್ರೆ ಕೋಟಿ. ಕಾರ್ಖಾನೆಯಲ್ಲಿ ಕೂತ ನೂರು ಜನ ಎಷ್ಟು ಜಾಣರಾದರೂ ನಮ್ಮ ಹಳೆಯ ಕಂಪ್ಯೂಟರು, ನಮ್ಮ ಸರಕಾರಿ ಪುಟ, ನಮ್ಮ ಲಿಪಿ ಅವರ ಮುಂದಿರುವುದಿಲ್ಲ. ಕನ್ನಡದ ಒತ್ತಕ್ಷರವನ್ನೇ ನೋಡಿ. ರಕಾರಕ್ಕೆ ಯಕಾರ ಸೇರಿದಾಗ "ಕಾರ್ಯ" ಎಂಬಲ್ಲಿ ಅರ್ಕಾವೊತ್ತು ಬರಬೇಕು, "ರ‍್ಯಾಂಕು" ಎಂಬಲ್ಲಿ ಯಕಾರದ ಒತ್ತು ಬರಬೇಕು. ಇದು ಕೆಟ್ಟರೆ ಕೆಟ್ಟಿದೆ ಎಂದು ತಿಳಿಯುವವನು ಕನ್ನಡ ಓದುವವನು ಮಾತ್ರ. ಪರೀಕ್ಷೆಯ ಪಂಕ್ತಿಯಲ್ಲಿ ಕನ್ನಡಿಗನೇ ಇಲ್ಲದಿದ್ದರೆ ಮುರಿದ ಅಕ್ಷರ ನೇರವಾಗಿ ನಮ್ಮ ಮಕ್ಕಳ ಮುಂದೆ ಬರುತ್ತದೆ. ಫೈರ್‌ಫಾಕ್ಸ್ ಕನ್ನಡದಲ್ಲಿ ಮಾತನಾಡುವಂತೆ ಮಾಡಿದವರು ಸ್ವಂತ ಆಸಕ್ತಿಯಿಂದ ದುಡಿದ ಸ್ವಯಂಸೇವಕರು. ಅವರು ಕರಡು ಆವೃತ್ತಿಯನ್ನು ಮುಟ್ಟದೆ ಕೂತಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಆದ್ದರಿಂದ ಪರೀಕ್ಷಿಸುವವನು ಪಾಪಿಯಲ್ಲ. ಒಮ್ಮೊಮ್ಮೆ ಅವನೇ ಉಪಕಾರಿ.

ಬೆಂದಿದೆ ಎಂದು ಹೇಳಿ ಬಡಿಸಿದ್ದರಲ್ಲೂ ಕಲ್ಲಿರುತ್ತದೆ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಹೊಸ ಆವೃತ್ತಿಯೊಂದು ಕೆಲವರ ಕಡತಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್‌ನವರು ಅದನ್ನು ಕೆಲವೇ ದಿನಗಳಲ್ಲಿ ತಡೆದು, ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಬಿಟ್ಟರು. ಆಗ ಹೊರಬಂದ ಸಂಗತಿಯೇನೆಂದರೆ, ಮುಂಚಿತವಾಗಿ ಪರೀಕ್ಷಿಸಿದ ಕೆಲವರು ಇದನ್ನು ಬರೆದು ತಿಳಿಸಿದ್ದರು. ರಾಶಿಯ ಅಡಿಯಲ್ಲಿ ಆ ದೂರು ಹೂತುಹೋಗಿತ್ತು. 2024ರ ಜುಲೈ 19ರಂದು ರಕ್ಷಣೆಯ ತಂತ್ರಾಂಶವೊಂದರ ಸಣ್ಣ ಕಡತವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡದೆ ಎಲ್ಲರಿಗೂ ಒಮ್ಮೆಲೇ ಬಿಟ್ಟಾಗ, ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಕಂಪ್ಯೂಟರುಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಮೆಟ್ಟಿಲುಗಳು ಬೇಕು, ಒಂದೊಂದು ಮೆಟ್ಟಿಲಿನಲ್ಲೂ ಯಾರಾದರೂ ನಿಲ್ಲಲೇಬೇಕು, ನಿಂತವನು ಕೂಗಿದರೆ ಕೇಳುವ ಕಿವಿಯೂ ಇರಬೇಕು.

ಇನ್ನೊಂದು ಮಾತನ್ನೂ ಹೇಳಬೇಕು. ಜವಾಬ್ದಾರಿ ಬಳಸುವವನದು ಮಾತ್ರವಲ್ಲ. ಗೂಗಲ್‌ನ ಜಿಮೇಲ್ 2004ರ ಏಪ್ರಿಲ್ 1ರಂದು ಬೀಟಾ ಎಂಬ ಪಟ್ಟಿ ಹಚ್ಚಿಕೊಂಡು ಬಂತು. ಆ ಪಟ್ಟಿ ಬಿದ್ದದ್ದು 2009ರ ಜುಲೈಯಲ್ಲಿ. ಐದು ವರ್ಷ ಕಾಲ ಲಕ್ಷಾಂತರ ಜನ ತಮ್ಮ ವ್ಯವಹಾರವನ್ನೆಲ್ಲ ಅದರಲ್ಲೇ ಮಾಡುತ್ತಿದ್ದರು. ಎಲ್ಲ ವಸ್ತುವಿನ ಮೇಲೂ ಸದಾ "ಪರೀಕ್ಷೆಯಲ್ಲಿದೆ" ಎಂದು ಬರೆದಿಟ್ಟರೆ ಆ ಎಚ್ಚರಿಕೆಗೆ ಬೆಲೆಯಿರುವುದಿಲ್ಲ. ನಿಜವಾಗಿ ಅಪಾಯವಿರುವ ಕಡೆಯೂ ಜನ ಅದನ್ನು ಗೋಡೆಯ ಮೇಲಿನ ಜಾಹೀರಾತಿನಂತೆ ನೋಡಿ ಮುಂದೆ ಹೋಗುತ್ತಾರೆ. ನಾವೂ ಹಾಗೆಯೇ ಹೋದವರು.

ಕಾಲೇಜಿನ ಪ್ರಯೋಗಶಾಲೆ ನೆನಪಾಗುತ್ತದೆ. ಬ್ಯುರೆಟ್ಟಿನಿಂದ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಬಣ್ಣ ಬದಲಾಗುವ ಗಳಿಗೆಯನ್ನು ಹಿಡಿಯುವ ಪ್ರಯೋಗವಿತ್ತು. ಮೊದಲ ಸಲ ಅಂದಾಜಿಗೆ ಒಂದು ರೀಡಿಂಗು ತೆಗೆಯುತ್ತಿದ್ದೆವು. ಅದನ್ನು ಪುಸ್ತಕದಲ್ಲಿ ಬರೆಯಬೇಕು, ಲೆಕ್ಕಕ್ಕೆ ಸೇರಿಸಬಾರದು. ಲೆಕ್ಕವೇನಿದ್ದರೂ ಒಂದಕ್ಕೊಂದು ಹೊಂದುವ ಮುಂದಿನ ರೀಡಿಂಗುಗಳದು. ಮೊದಲ ರೀಡಿಂಗನ್ನು ಬರೆಯದೆ ಬಿಟ್ಟವನಿಗೂ ಅಂಕ ಹೋಗುತ್ತಿತ್ತು, ಲೆಕ್ಕಕ್ಕೆ ಸೇರಿಸಿದವನಿಗೂ ಹೋಗುತ್ತಿತ್ತು. ಕರಡು ವಸ್ತುವನ್ನು ಬಳಸುವ ನೀತಿ ಇಷ್ಟರಲ್ಲೇ ಇದೆ ಎಂದು ನಮಗೀಗ ತೋರುತ್ತದೆ. ಪರೀಕ್ಷೆ ಮಾಡು, ಆದರೆ ಅದರ ಮೇಲೆ ಯಾರ ಬದುಕಿನ ಲೆಕ್ಕವನ್ನೂ ಕಟ್ಟಬೇಡ. ಕಂಡ ದೋಷವನ್ನು ಬರೆದು ತಿಳಿಸು. ತಿಳಿಸದಿದ್ದರೆ ನೀನು ಮಾಡಿದ್ದು ಪರೀಕ್ಷೆಯಲ್ಲ, ಮೋಜು. ಹಿಂದಕ್ಕೆ ಹೋಗುವ ದಾರಿಯನ್ನು ಮುಚ್ಚಿಕೊಳ್ಳಬೇಡ. ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರೆ ಮೊದಲು ಅವರಿಗೆ ಹೇಳು.

ಈ ಕೊನೆಯ ಮಾತನ್ನು ನಮಗೆ ಕಲಿಸಿದವರು ಆ ಹುಡುಗಿಯ ತಂದೆ. ಎಂಟು ತಿಂಗಳು ನಾವು ಬಾಯಿ ಬಿಡಲಿಲ್ಲ. ಸರ್ವರಿನ ತಪ್ಪು ಎಂದೇ ಅವರು ನಂಬಿದ್ದರು. ಎದುರಾದಾಗಲೆಲ್ಲ "ನಿಮಗೆ ಅಂದು ಸುಮ್ಮನೆ ತೊಂದರೆ ಕೊಟ್ಟೆವು" ಎಂದು ಅವರೇ ಸಂಕೋಚಪಡುತ್ತಿದ್ದರು. ಅದು ನಮಗೆ ಶಿಕ್ಷೆಗಿಂತ ಹೆಚ್ಚಾಯಿತು. "ಹೇಳಿಬಿಡಿ, ನಿದ್ದೆಯಾದರೂ ಬಂದೀತು" ಎಂದು ನಮ್ಮಾಕೆ ಹೇಳಿದ ಮೇಲೆ, ಸಂಘದ ರಾಜ್ಯೋತ್ಸವದ ದಿನ ಊಟದ ಪಂಕ್ತಿಯ ಹೊರಗೆ ಅವರನ್ನು ನಿಲ್ಲಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಹೋಟೆಲಲ್ಲಿ ಹೊಸ ಸಾಂಬಾರ್ ಪುಡಿ ಬಂದ್ರೆ ಮೊದಲು ತಿನ್ನುವುದು ಅಡಿಗೆ ಭಟ್ರು, ಆಮೇಲೆ ನಾನು. ಗಿರಾಕಿಗೆ ಅಲ್ಲ ಮಾರಾಯ್ರೇ" ಎಂದರು. ಮತ್ತೆ ತಾವೇ, "ಅದು ಹೊಸತು, ಇನ್ನೂ ಸರಿಯಾಗಿಲ್ಲ ಅಂತ ಅವತ್ತು ಒಂದು ಮಾತು ಹೇಳಿದ್ರೆ ನಾವು ಬೇರೆ ಕಡೆ ಹೋಗ್ತಿದ್ದೆವು ಅಲ್ವಾ?" ಎಂದು ಕೇಳಿದರು.

ಬೈದಿದ್ದರೆ ಉತ್ತರ ಕೊಡಬಹುದಿತ್ತೋ ಏನೋ. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗಿ ಅಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ರಜೆಗೆ ಬಂದಾಗ ನಮ್ಮ ಮನೆಗೂ ಬರುತ್ತಾಳೆ. ನಮ್ಮ ಕಂಪ್ಯೂಟರಿನಲ್ಲಿ ಈಗ ಎರಡು ಬ್ರೌಸರುಗಳಿವೆ. ಮನೆಯ ಕೆಲಸಕ್ಕೂ ಪರರ ಕೆಲಸಕ್ಕೂ ಸಾಧಾರಣದ್ದು. ಕರಡಿನದನ್ನು ಬೇರೆ ಕಡತದಲ್ಲಿ ಇಟ್ಟು, ಭಾನುವಾರ ಬೆಳಿಗ್ಗೆ ಅದರಲ್ಲಿ ಕನ್ನಡದ ಪುಟಗಳನ್ನಷ್ಟೇ ತೆರೆದು ನೋಡುತ್ತೇವೆ. ಒತ್ತು ಮುರಿದಿದ್ದರೆ, ಸಾಲು ತಪ್ಪಿದ್ದರೆ, ನಮಗೆ ಬರುವ ಗುಮಾಸ್ತರ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತೇವೆ. ಈ ತನಕ ಒಂದಕ್ಕೆ ಉತ್ತರ ಬಂದಿದೆ.